ಕೂಗುವವರ ನಾಲಿಗೆಗೆ ಹೆದರಿ ಹೆಸರಿಡಬೇಡಿ

ಮಗುವಿಗೆ ಹೆಸರು ಹುಡುಕುತ್ತಿರುವ ಎಳೆಯ ಅಪ್ಪ-ಅಮ್ಮಂದಿರಿಗೆ,

ನಿಮ್ಮ ಮನೆಯಲ್ಲಿ ಈಗ ಏನು ನಡೆದಿದೆ ಎಂದು ಕೂತಲ್ಲೇ ಊಹಿಸಬಲ್ಲೆ. ಪುರೋಹಿತರು ನಕ್ಷತ್ರ, ಪಾದ ನೋಡಿ ಒಂದು ಅಕ್ಷರ ಬರೆದುಕೊಟ್ಟಿದ್ದಾರೆ. ಅಜ್ಜನಿಗೆ ಮನೆದೇವರ ಹೆಸರು ಬರಬೇಕು. ಅಜ್ಜಿಗೆ ತೀರಿಹೋದ ತಮ್ಮ ತಾಯಿಯ ಹೆಸರು ಬರಬೇಕು, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿಕ್ಕಪ್ಪ ಮತದಾನ ಶುರು ಮಾಡಿದ್ದಾನೆ. ಇದೆಲ್ಲದರ ನಡುವೆ ಒಂದು ಹೆಸರು ನಿಮ್ಮಿಬ್ಬರಿಗೂ ಹಿಡಿಸಿತು ಅನ್ನುವಷ್ಟರಲ್ಲಿ ಯಾರೋ ಒಬ್ಬರು ಆ ಮಾತು ಆಡುತ್ತಾರೆ: "ಚೆನ್ನಾಗಿದೆ, ಆದ್ರೆ ಹೊರಗಿನೋರಿಗೆ ಹೇಳೋಕೆ ಕಷ್ಟ ಆಗಲ್ವಾ?" ಅಲ್ಲಿಗೆ ಆ ಹೆಸರಿನ ಕಥೆ ಮುಗಿಯಿತು.

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಕಡೆ. ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಪಾಠದಷ್ಟೇ ನನ್ನ ಕೈಗೆ ಹತ್ತಿದ ಕೆಲಸ ಹೆಸರುಗಳದು. ಬೆಳಗಿನ ಹಾಜರಿ, ಜೂನ್ ತಿಂಗಳ ದಾಖಲಾತಿ ವಹಿ, ಎಸ್ಸೆಸ್ಸೆಲ್ಸಿ ಮಕ್ಕಳ ನಾಮಿನಲ್ ರೋಲ್, ಟಿ.ಸಿ. ಬರೆಯುವಾಗ ಬರುವ ತಕರಾರು, ಎಲ್ಲ ಕಡೆಯೂ ಹೆಸರೇ. ಹೆಸರು ಎಲ್ಲೆಲ್ಲಿ ಕೆಡುತ್ತದೆ, ಕೆಟ್ಟ ಮೇಲೆ ಮಕ್ಕಳು ಏನು ಮಾಡುತ್ತಾರೆ ಎನ್ನುವುದನ್ನು ಹತ್ತಿರದಿಂದ ನೋಡಿದವಳು ಎಂಬ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಹೇಳುವುದು ಒಂದೇ. ಮಗುವಿನ ಹೆಸರನ್ನು ಬೇರೆ ನೂರು ಕಾರಣಕ್ಕೆ ಬಿಡಿ, ಹೊರಗಿನವರ ಬಾಯಿಗೆ ಹೆದರಿ ಮಾತ್ರ ಬಿಡಬೇಡಿ.

ಯಾಕೆಂದರೆ ಕೆಡದ ಹೆಸರು ಎಂಬುದೇ ಇಲ್ಲ. ಕಮಲಾ ಎನ್ನುವುದಕ್ಕಿಂತ ಸುಲಭದ ಹೆಸರು ಉಂಟೆ? ಒತ್ತಿಲ್ಲ, ಮಹಾಪ್ರಾಣವಿಲ್ಲ, ಮೂರೇ ಅಕ್ಷರ. ಮುಂದೆ ಅಮೆರಿಕದ ಉಪಾಧ್ಯಕ್ಷರಾಗಿದ್ದ ಕಮಲಾ ಹ್ಯಾರಿಸ್ 2019ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದಾಗ ಅದರ ಮುನ್ನುಡಿಯಲ್ಲೇ ಈ ಹೆಸರನ್ನು ಹೇಗೆ ಹೇಳಬೇಕು ಎಂದು ಓದುಗರಿಗೆ ತಿಳಿಸಬೇಕಾಯಿತು. ಮರುವರ್ಷದ ಅಕ್ಟೋಬರಿನಲ್ಲಿ ಜಾರ್ಜಿಯಾ ರಾಜ್ಯದ ಒಬ್ಬ ಸೆನೆಟರ್ ಚುನಾವಣಾ ಸಭೆಯಲ್ಲಿ ಆ ಹೆಸರನ್ನು ಬೇಕೆಂದೇ ತಿರುಚಿ ತಿರುಚಿ ಹೇಳಿ ಸಭಿಕರನ್ನು ನಗಿಸಿದರು. ಅವರಿಬ್ಬರೂ ಅದೇ ಸೆನೆಟ್ಟಿನಲ್ಲಿ ಜೊತೆಗೆ ಕೂರುತ್ತಿದ್ದವರು. ಮೂರು ಅಕ್ಷರ ನಾಲಿಗೆಗೆ ಹೊರಳಲಿಲ್ಲ ಎಂದು ಯಾರು ನಂಬುತ್ತಾರೆ?

ಅಷ್ಟು ದೂರ ಯಾಕೆ, ನಮ್ಮ ತರಗತಿಗೇ ಬನ್ನಿ. ಪವನ ಎಂಬ ಹುಡುಗ, ಪಾವನ ಎಂಬ ಹುಡುಗಿ ಒಂದೇ ಸೆಕ್ಷನ್ನಿನಲ್ಲಿ ಇದ್ದರು ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಸ್ಪೆಲಿಂಗ್. ಬದಲಿಗೆ ಬಂದ ಶಿಕ್ಷಕರು ಹಾಜರಿ ಕೂಗಿದರೆ ಇಬ್ಬರೂ ಎದ್ದು ನಿಲ್ಲುತ್ತಾರೆ, ಇಲ್ಲವೇ ಇಬ್ಬರೂ ಕೂತೇ ಇರುತ್ತಾರೆ. ಮಾಲಾ ಎಂಬ ಹುಡುಗಿಯ ಹೆಸರಿನಲ್ಲಿ ದೀರ್ಘ ತಪ್ಪಿಸಿ ಓದಿದರೆ ಏನಾಗುತ್ತದೆ ಎಂದು ಕನ್ನಡದವರಿಗೆ ವಿವರಿಸಬೇಕಿಲ್ಲ. ಹಿಂದಿನ ಬೆಂಚಿನಿಂದ ಬರುವ ನಗು ಆ ಮಗುವಿನ ಕಿವಿಯಲ್ಲಿ ಎಷ್ಟು ವರ್ಷ ಉಳಿಯುತ್ತದೋ. ಇವೆಲ್ಲ ಹಳೆಯ, ಸರಳ, ಎಲ್ಲರ ಮನೆಯಲ್ಲೂ ಇರುವ ಹೆಸರುಗಳೇ.

ತೊಂದರೆ ಇರುವುದು ಹೆಸರಿನಲ್ಲಲ್ಲ, ಅದು ಓಡಾಡುವ ಲಿಪಿಯಲ್ಲಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಅದನ್ನು 26ರೊಳಗೆ ತುರುಕಿ ಆಧಾರ್ ಮಾಡಿಸುತ್ತೇವೆ, ಹಾಜರಿ ಬರೆಯುತ್ತೇವೆ, ಕಚೇರಿಯ ಇ-ಮೇಲ್ ಪಡೆಯುತ್ತೇವೆ. ಹ್ರಸ್ವ-ದೀರ್ಘ ಅಲ್ಲೇ ಮಾಯ. ತ ಮತ್ತು ಟ ಒಂದಾಗಬಾರದು ಎಂದು ದಕ್ಷಿಣದವರು ತಕಾರಕ್ಕೆ ಟಿ ಜೊತೆ ಎಚ್ ಸೇರಿಸುತ್ತೇವೆ. ಕವಿತಾ, ಗೀತಾ, ಸ್ವಾತಿ, ಲತಾ, ಎಲ್ಲರಿಗೂ ಒಂದೊಂದು ಎಚ್. ಅದನ್ನು ಓದಿದ ದೆಹಲಿಯವರು ಒಳ್ಳೆಯ ಮನಸ್ಸಿನಿಂದಲೇ 'ಕವಿಥಾ' ಎನ್ನುತ್ತಾರೆ. ಅಮೆರಿಕದವರು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಇನ್ನೇನೋ ಎನ್ನುತ್ತಾರೆ. ಸರಿ, ಎಚ್ ಬೇಡವೆಂದು ಬಿಟ್ಟರೆ ನಮ್ಮ ಬೀದಿಯ ಬ್ಯಾಂಕಿನವರೇ 'ಕವಿಟಾ' ಎಂದು ಕೂಗುತ್ತಾರೆ. ಇನ್ನು ಪ್ರಜ್ಞಾ ಎಂಬ ಹೆಸರನ್ನು ನೋಡಿ. ನಾವು ಹೇಳುವುದೊಂದು, ಹಿಂದಿಯವರು ಪ್ರಗ್ಯಾ ಎನ್ನುತ್ತಾರೆ, ಮರಾಠಿಯವರು ಪ್ರದ್ನ್ಯಾ ಎನ್ನುತ್ತಾರೆ, ಮೂವರೂ ಅವರವರ ಭಾಷೆಯ ಪ್ರಕಾರ ಸರಿ. ನಮ್ಮವರು ಬರೆಯುವ ಜೆ-ಎನ್ ಸ್ಪೆಲಿಂಗನ್ನು ಕಣ್ಣಿಂದ ಓದಿದವರು 'ಪ್ರಜ್‌ನಾ' ಎನ್ನುತ್ತಾರೆ, ಅದೊಂದೇ ಯಾರ ಭಾಷೆಯಲ್ಲೂ ಸರಿಯಲ್ಲ.

ಅಕಾರಾಂತದ ಗಂಡು ಹೆಸರುಗಳ ಪಾಡು ಇನ್ನೊಂದು. ಬಸವ, ರಾಘವ, ಶರಣ ಎಂದರೆ ಹಿಂದಿಯವರು ಕೊನೆಯ ಅಕಾರವನ್ನು ನುಂಗುತ್ತಾರೆ, ಇಂಗ್ಲಿಷಿನವರು ಎಳೆದು ಹೆಣ್ಣು ಹೆಸರು ಮಾಡುತ್ತಾರೆ. ಳಕಾರದ ಬಗ್ಗೆ ಹೇಳಲೇಬೇಡಿ. ಅನಿಲ್ ಕುಂಬ್ಳೆ 1999ರ ಫೆಬ್ರುವರಿಯಲ್ಲಿ ದೆಹಲಿಯ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು, ಟೆಸ್ಟಿನಲ್ಲಿ ಒಟ್ಟು 619 ವಿಕೆಟ್ ಪಡೆದು ನಿವೃತ್ತರಾದರು. ಅಷ್ಟಾದರೂ ದೇಶದ ಬಹುಪಾಲು ಜನರ ಬಾಯಲ್ಲಿ ಅವರು 'ಕುಂಬ್ಲೆ'ಯೇ. ಕಾಸರಗೋಡಿನ ಕುಂಬಳೆಯ ಳಕಾರ ವಿಂಧ್ಯ ದಾಟಲಿಲ್ಲ. ಕ್ರಿಕೆಟ್ಟಿನವರ ಕೈಯಲ್ಲಿ ನಮ್ಮ ಇನಿಷಿಯಲ್ಲುಗಳು ಪಟ್ಟ ಪಾಡಂತೂ ಒಂದು ಪ್ರಹಸನ. ಹಾಸನ ಜಿಲ್ಲೆಯ ಜಾವಗಲ್ ಎಂಬ ಊರು ಶ್ರೀನಾಥರ ಮೊದಲ ಹೆಸರಾಯಿತು. ಜಿ.ಆರ್. ವಿಶ್ವನಾಥರ 'ಜಿ' ಬಿಚ್ಚಿಕೊಂಡು ಅವರು ಜಗತ್ತಿಗೆಲ್ಲ ಗುಂಡಪ್ಪ ಆದರು. ದೊಡ್ಡನರಸಯ್ಯ ಗಣೇಶ್ ಎಂಬ ವೇಗದ ಬೌಲರ್ ಸ್ಕೋರ್‌ಬೋರ್ಡಿನ ಜಾಗಕ್ಕೆ ತಕ್ಕಂತೆ ತುಂಡಾಗಿ ದೊಡ್ಡ ಗಣೇಶ್ ಆದರು. ತಂಡದಲ್ಲಿ ಚಿಕ್ಕ ಗಣೇಶ ಯಾರೂ ಇರಲಿಲ್ಲ!

ಊರುಗಳಿಗೂ ಇದು ತಪ್ಪಿದ್ದಲ್ಲ. 2014ರ ರಾಜ್ಯೋತ್ಸವದ ದಿನ ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರುಗಳನ್ನು ತಿದ್ದಿತು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ತುಮಕೂರು, ಶಿವಮೊಗ್ಗ ಹೀಗೆ. ಇವತ್ತಿಗೂ 'ಹುಬ್ಲಿ' ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಹಾಗಂತ ಹುಬ್ಬಳ್ಳಿಗೆ ಬೇರೆ ಹಗುರ ಹೆಸರಿಡೋಣ ಎಂದು ಯಾರೂ ಹೇಳಲಿಲ್ಲವಲ್ಲ.

ಇನ್ನು ನಾವೇನು ಸಾಚಾಗಳೇ? ಧನಲಕ್ಷ್ಮಿಯನ್ನು ದನಲಕ್ಷ್ಮಿ ಮಾಡಿದವರು ನಾವೇ. ಹನುಮಂತ ನಮ್ಮ ಬಾಯಲ್ಲಿ ಅನ್ಮಂತ, ಭಾರತಿ ಬಾರತಿ, ಶಶಿ ಸಸಿ. ಕೆಲವು ಮೇಷ್ಟ್ರುಗಳು ಇದಕ್ಕಾಗಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನಗೆ ಅದು ಯಾವತ್ತೂ ಸರಿ ಕಂಡಿಲ್ಲ. ಮನೆಯ ಮಾತಿನಲ್ಲಿ ಹಕಾರ ಇಲ್ಲದ ಮಗುವಿಗೆ ಹಕಾರ ಕಲಿಸಬೇಕು ನಿಜ, ಆದರೆ ಅದರ ಅಜ್ಜಿ ಕರೆಯುವ ಹೆಸರನ್ನು ತಪ್ಪು ಎನ್ನಬಾರದು. ನಮ್ಮ ಕಡೆ ಬಸವರಾಜ ಬಸ್ಯಾ ಆಗುತ್ತಾನೆ, ಮಲ್ಲಿಕಾರ್ಜುನ ಮಲ್ಯಾ ಆಗುತ್ತಾನೆ. ಮೈಸೂರು ಕಡೆ ಕೃಷ್ಣ ಕಿಟ್ಟಿ, ಶ್ರೀನಿವಾಸ ಸೀನ, ನಾರಾಯಣ ನಾಣಿ, ಪದ್ಮಾ ಪದ್ದು, ಲಕ್ಷ್ಮಿ ಲಚ್ಚಿ. ಇವು ಹೆಸರು ಕೆಡಿಸಿದ್ದಲ್ಲ, ಬಳಸಿ ಬಳಸಿ ನುಣುಪಾದದ್ದು. ಕರೆಯುವವರಿಗೆ ಪೂರ್ತಿ ಹೆಸರು ಗೊತ್ತಿದೆ, ಬೇಕಾದಾಗ ಅದನ್ನೂ ಕರೆಯುತ್ತಾರೆ. ಹತ್ತು ಸಲ ಹೇಳಿಕೊಟ್ಟರೂ ಕಿವಿಗೆ ಹಾಕಿಕೊಳ್ಳದೆ "ನಿನ್ನ ಹೆಸರು ಬಹಳ ಕಷ್ಟಪ್ಪ, ನಾನು ಸ್ಯಾಮ್ ಅಂತ ಕರೀತೀನಿ" ಎನ್ನುವ ಮ್ಯಾನೇಜರ್ ಬೇರೆ, ಮುಂಡಾಸು ಸುತ್ತಿಕೊಂಡು ಹೊಲದ ದಂಡೆಯಿಂದ "ಲೇ ಬಸ್ಯಾ" ಎಂದು ಕೂಗುವ ಅಜ್ಜ ಬೇರೆ. ಈ ವ್ಯತ್ಯಾಸ ಮಗುವಿಗೆ ನಾವು ಹೇಳಿಕೊಡಬೇಕಾಗಿಲ್ಲ, ಅದಕ್ಕೇ ತಿಳಿಯುತ್ತದೆ.

ಹಿಂದಿನವರು ಹೆಸರಿಡುವಾಗ ಯಾರಿಗೆ ಹೆದರುತ್ತಿದ್ದರು ಎಂದು ಯೋಚಿಸಿದ್ದೀರಾ? ಸಾವಿಗೆ ಹೆದರುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಕಲ್ಲಪ್ಪ, ಗುಂಡಪ್ಪ, ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ, ತಿಪ್ಪೆಯ ವಸ್ತು ಎಂದು ಜವರಾಯ ಮೂಸಿಯೂ ನೋಡದಿರಲಿ ಎಂಬ ಆಸೆ. ತಿಪ್ಪೇಸ್ವಾಮಿ, ತಿಪ್ಪೇರುದ್ರ ಎಂಬ ಹೆಸರುಗಳು ಚಿತ್ರದುರ್ಗದ ಕಡೆ ಹೆಚ್ಚಾಗಿರುವುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ, ಅದು ಬೇರೆ ಮಾತು. ಒಟ್ಟಿನಲ್ಲಿ ಅವರು ಹೆದರಿದರೆ ಯಮನಿಗೆ ಹೆದರಿದರು, ತಲೆಬಾಗಿದರೆ ದೇವರಿಗೆ ಬಾಗಿದರು. ನಾವು ಹೆದರುತ್ತಿರುವುದು ಇನ್ನು ಇಪ್ಪತ್ತೈದು ವರ್ಷಕ್ಕೆ ಸಿಗಬಹುದಾದ ಒಬ್ಬ ಎಚ್.ಆರ್. ಅಧಿಕಾರಿಗೆ.

ಆ ಹೆದರಿಕೆಯಿಂದ ಹುಟ್ಟಿದ ಹೆಸರುಗಳು ನನ್ನ ಕೊನೆಕೊನೆಯ ಹಾಜರಿ ಪುಸ್ತಕಗಳಲ್ಲಿ ತುಂಬಿದ್ದವು. ಎರಡಕ್ಷರ, ಮೂರಕ್ಷರ, ನಡುವೆ ಒಂದು ಯಕಾರ ಇಲ್ಲವೇ ಹಕಾರ, ಕೊನೆಯಲ್ಲಿ ನಕಾರ. ರಿಯಾನ್, ಕಿಯಾನ್, ಅಯಾನ್, ವಿಹಾನ್. ಕೇಳಲು ಇಂಪಾಗಿವೆ, ನನಗೇನೂ ದ್ವೇಷವಿಲ್ಲ. ಆದರೆ 'ಎಲ್ಲ ದೇಶದಲ್ಲೂ ಹೇಳಬಹುದು' ಎಂಬ ಭರವಸೆ ಸುಳ್ಳು. ವಿಹಾನ್ ಎಂಬುದನ್ನು 'ವೈಹಾನ್' ಎಂದು ಓದಲು ಇಂಗ್ಲಿಷಿನವರಿಗೆ ಯಾವ ಅಡ್ಡಿಯೂ ಇಲ್ಲ. ಜೊತೆಗೆ ಒಂದೇ ತರಗತಿಯಲ್ಲಿ ಅದೇ ಹೆಸರಿನವರು ಮೂವರು ಕೂತಿರುತ್ತಾರೆ, ಆಗ ಇನಿಷಿಯಲ್ ಹಿಡಿದು ಕೂಗಬೇಕು. ಇನ್ನೊಂದು ಕಿರಿಕಿರಿ ನನ್ನದು. ಇಂಥ ಹೆಸರುಗಳಿಗೆ ಇಂಟರ್ನೆಟ್ಟಿನಲ್ಲಿ ಸಂಸ್ಕೃತದ ಅರ್ಥ ಕೊಟ್ಟಿರುತ್ತಾರೆ. ಯಾವ ಧಾತುವಿನಿಂದ ಬಂತು, ಯಾವ ನಿಘಂಟಿನಲ್ಲಿದೆ ಎಂದು ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. 'ದೇವರ ಕೃಪೆ', 'ಮುಂಜಾನೆಯ ಬೆಳಕು' ಎಂದು ಯಾರಿಗೆ ಯಾವುದು ಬೇಕೋ ಅದು. ಅರ್ಥ ನೋಡಿಯೇ ಹೆಸರಿಡುವವರಾದರೆ ದಯವಿಟ್ಟು ಒಂದು ನಿಜವಾದ ನಿಘಂಟು ತೆರೆದು ನೋಡಿ, ಇಲ್ಲವೇ ಹತ್ತಿರದ ಕನ್ನಡ ಮೇಷ್ಟ್ರನ್ನು ಕೇಳಿ. ಅವರಿಗೂ ಖುಷಿಯಾಗುತ್ತದೆ.

ಹಾಗೆಂದು ನಾಲಿಗೆ ಮುರಿಯುವ ಹೆಸರೇ ಇಡಿ ಎನ್ನುತ್ತಿಲ್ಲ. ನನ್ನ ಅಳತೆಗೋಲು ಇಷ್ಟೇ: ಮನೆಯವರಿಗೆ ಬರಬೇಕು. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ, ಇವರ ಬಾಯಲ್ಲಿ ಹೆಸರು ಸಲೀಸಾಗಿ ಕೂರಬೇಕು. ಧೃಷ್ಟದ್ಯುಮ್ನ ಎಂದು ಹೆಸರಿಟ್ಟು ಮಾರನೆಯ ದಿನದಿಂದ ಚಿಂಟು ಎಂದು ಕರೆಯುವುದಾದರೆ ಆ ಹೆಸರಿಟ್ಟದ್ದು ಯಾರಿಗಾಗಿ? ಬಾಗಿಲಲ್ಲಿ ನಿಂತು ಜೋರಾಗಿ ಕೂಗಿ ನೋಡಿ. ಶಾಲೆಯ ಬಸ್ಸು ಬಂದಿದೆ, ಮಗು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಕೂತಿದೆ ಎಂದುಕೊಂಡು ಸಿಟ್ಟಿನಲ್ಲಿ ಕೂಗಿ ನೋಡಿ. ಜ್ವರ ಬಂದ ರಾತ್ರಿ ಹಣೆ ಮುಟ್ಟಿ ಕರೆದಂತೆ ಮೆಲ್ಲಗೆ ಹೇಳಿ ನೋಡಿ. ಈ ಮೂರಕ್ಕೂ ಒದಗಿದ ಹೆಸರು ಒಳ್ಳೆಯ ಹೆಸರು, ಅದರಲ್ಲಿ ಣಕಾರ, ಳಕಾರ, ಋಕಾರ ಏನೇ ಇರಲಿ. ಕುವೆಂಪು ತಮ್ಮ ಮಕ್ಕಳಿಗೆ ಇಟ್ಟ ಹೆಸರುಗಳನ್ನು ನೋಡಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿಯವರು ತಮ್ಮ ಹೆಣ್ಣುಮಕ್ಕಳನ್ನು ಸುಸ್ಮಿತಾ, ಈಶಾನ್ಯೆ ಎಂದು ಕರೆದರು. ಕೋಕಿಲೋದಯ ಚೈತ್ರ ಎಂಬುದು ಯಾವ ಅರ್ಜಿಯ ಚೌಕದಲ್ಲಿ ಹಿಡಿಸುತ್ತದೆ ಎಂದು ಆ ಕವಿ ಅಳೆದು ನೋಡಿದಂತಿಲ್ಲ.

ಪುರೋಹಿತರು ಕೊಟ್ಟ ಅಕ್ಷರದ ವಿಷಯಕ್ಕೆ ಬರೋಣ, ಅದು ಎಷ್ಟೋ ಮನೆಗಳಲ್ಲಿ ಜಗಳಕ್ಕೆ ಕಾರಣ. ಆರ್ದ್ರಾ ನಕ್ಷತ್ರದ ಅಕ್ಷರಗಳು ಕು, ಘ, ಙ, ಛ. ಹಸ್ತದ್ದು ಪು, ಷ, ಣ, ಠ. ಙಕಾರದಿಂದ, ಣಕಾರದಿಂದ ಯಾವ ಹೆಸರು ಶುರುವಾಗುತ್ತದೆ ಹೇಳಿ? ಯಾವುದೂ ಇಲ್ಲ. ಅಂಥ ಪಾದದಲ್ಲಿ ಹುಟ್ಟಿದ ಮಗುವಿಗೆ ಪುರೋಹಿತರೇ ಪಕ್ಕದ ಅಕ್ಷರ ಹಿಡಿದು ಹೊಂದಿಸುತ್ತಾರೆ. ಅಂದರೆ ಶಾಸ್ತ್ರದಲ್ಲೇ ಕಿಟಕಿ ತೆರೆದಿದೆ. ಅಷ್ಟೇ ಅಲ್ಲ, ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಬರೆಯುವಾಗ ನಕ್ಷತ್ರದ ಹೆಸರು ಬೇರೆ, ವ್ಯವಹಾರದ ಹೆಸರು ಬೇರೆ ಎಂದೇ ಬರೆಸುತ್ತಾರೆ. ನಕ್ಷತ್ರದ ಹೆಸರು ಸಂಕಲ್ಪಕ್ಕೆ ಇರಲಿ. ಸೋದರತ್ತೆ ತೊಟ್ಟಿಲ ಬಳಿ ಬಾಗಿ ಕಿವಿಯಲ್ಲಿ ಹೇಳುವ ಹೆಸರು ನಿಮಗೆ ಬೇಕಾದದ್ದಾಗಲಿ. ಹಿರಿಯರಿಗೂ ಬೇಸರವಿಲ್ಲ, ನಿಮಗೂ ಇಲ್ಲ.

ಸಂಖ್ಯಾಶಾಸ್ತ್ರದ ಬಗ್ಗೆ ಒಂದೇ ಮಾತು. 2019ರಲ್ಲಿ ಮತ್ತೆ ಮುಖ್ಯಮಂತ್ರಿಯಾಗುವ ಹೊತ್ತಿಗೆ ಯಡಿಯೂರಪ್ಪನವರು ತಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗನ್ನು ಹಳೆಯ ರೀತಿಗೆ ಮರಳಿಸಿದರು. ಕನ್ನಡದ ಜನ ಆ ಮೊದಲೂ ಆಮೇಲೂ ಯಡಿಯೂರಪ್ಪ ಎಂದೇ ಕರೆದರು. ದೊಡ್ಡವರಿಗೆ ಪತ್ರಿಕೆಗಳು ನೆನಪಿಟ್ಟುಕೊಂಡು ಬರೆಯುತ್ತವೆ. ನಿಮ್ಮ ಮಗುವಿನ ಹೆಸರಿಗೆ ಅದೃಷ್ಟದ ಹೆಚ್ಚುವರಿ ಎ ಒಂದು, ಎಚ್ ಒಂದು ಸೇರಿಸಿದರೆ ಅದನ್ನು ಜೀವನಪೂರ್ತಿ ಕೌಂಟರುಗಳಲ್ಲಿ ವಿವರಿಸುವವರು ನೀವಲ್ಲ, ಮಗು.

ಕೌಂಟರುಗಳ ಮಾತು ಬಂತು, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರನ್ನಲ್ಲ. ಹೆಸರಿನ ಕಾಲಂ ಖಾಲಿ ಬಿಟ್ಟು ನೋಂದಣಿ ಮಾಡಿಸಬಹುದು. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. 1969ರ ಜನನ-ಮರಣ ನೋಂದಣಿ ಕಾಯ್ದೆಯೇ ಕೊಟ್ಟ ಸವಲತ್ತು ಇದು. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ, ಗುಮಾಸ್ತರು "ಹೆಸರೇನು ಬರೀಲಿ ಸಾರ್" ಎಂದಾಗ ಬಾಯಿಗೆ ಬಂದದ್ದನ್ನು ಹೇಳಬೇಡಿ. ಮೊದಲಾಗಿದ್ದರೆ ಶಾಲೆಗೆ ಸೇರಿಸುವಾಗ ಹೇಗೋ ಸರಿಮಾಡಿಕೊಳ್ಳುತ್ತಿದ್ದರು. ಆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2023ರ ಅಕ್ಟೋಬರ್ 1ರಂದು ಇಲ್ಲವೇ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ. ಅಲ್ಲಿ ತಪ್ಪಿದರೆ ಎಲ್ಲ ಕಡೆಯೂ ತಪ್ಪುತ್ತದೆ. ಪ್ರಮಾಣಪತ್ರದಲ್ಲಿ ಕನ್ನಡದಲ್ಲೂ ಹೆಸರು ಇರುತ್ತದೆ. ಇಂಗ್ಲಿಷ್ ಸಾಲನ್ನು ನಾಲ್ಕು ಸಲ ನೋಡುವ ಅಪ್ಪಂದಿರು ಕನ್ನಡದ ಸಾಲನ್ನು ಓದುವುದೇ ಇಲ್ಲ. ಪ್ರಣತಿ ಅಲ್ಲಿ ಪ್ರನತಿ ಆಗಿ ಕೂತಿರುತ್ತಾಳೆ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ತಪ್ಪನ್ನು ತಿದ್ದಿಸಲು ಅಫಿಡವಿಟ್ ಹಿಡಿದುಕೊಂಡು ಅಲೆದವರನ್ನು ಕೇಳಿ, ಕಥೆ ಹೇಳುತ್ತಾರೆ.

ಇನಿಷಿಯಲ್ಲನ್ನು ಏನು ಮಾಡಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ನಮ್ಮ ಉತ್ತರ ಕರ್ನಾಟಕದಲ್ಲಿ ಬೆಲ್ಲದ, ಅಂಗಡಿ, ಕಂಬಾರ, ಹೂಗಾರ, ಮೆಣಸಿನಕಾಯಿ ಎಂದು ಅಡ್ಡಹೆಸರು ಇರುವುದರಿಂದ ಅರ್ಜಿ ತುಂಬುವುದು ಸುಲಭ, ಓದುವವರ ಕಷ್ಟ ಅವರಿಗೆ. ಹಳೆ ಮೈಸೂರಿನವರಿಗೆ ಅಪ್ಪನ ಹೆಸರಿನ ಒಂದಕ್ಷರ, ಊರಿನ ಒಂದಕ್ಷರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಒಂದೇ ಹೆಸರು ಬರೆಸಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್-ಎನ್-ಯು ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ತಾತ್ಪರ್ಯ. ಅಲ್ಲಿನ ಕಚೇರಿಗಳಲ್ಲಿ ನಮ್ಮ ಮಕ್ಕಳನ್ನು 'ಫ್ನು' ಎಂದು ಕರೆದದ್ದೂ ಇದೆ. 2022ರ ನವೆಂಬರಿನಲ್ಲಿ ಯುಎಇ ಸರ್ಕಾರ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರಿಗೆ ಭೇಟಿ ವೀಸಾ ಇಲ್ಲ ಎಂದಿತು, ಆಮೇಲೆ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಸಡಿಲಿಸಿತು. ಹೊರದೇಶದ ಬಗ್ಗೆ ಯೋಚಿಸಲೇಬೇಕು ಎಂದಿದ್ದರೆ ಯೋಚಿಸಬೇಕಾದದ್ದು ಇದನ್ನು, ಉಚ್ಚಾರವನ್ನಲ್ಲ.

ಈಗ ಉಚ್ಚಾರಕ್ಕೇ ಬರುತ್ತೇನೆ. ಹೆಸರಿಟ್ಟಿರಿ, ಶಾಲೆಗೆ ಸೇರಿಸಲು ಬಂದಿರಿ. ದಾಖಲಾತಿಯ ಮೇಜಿನ ಆಚೆ ಕೂತವರು ಅರ್ಜಿ ನೋಡಿ ಹೆಸರನ್ನು ತಪ್ಪಾಗಿ ಓದುತ್ತಾರೆ. ಆಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಏನು? ನಾನು ಕೇಳಿದಷ್ಟೂ ಸಲ ಹೆಚ್ಚಿನವರು ಹೇಳಿದ್ದು ಒಂದೇ: "ಪರವಾಗಿಲ್ಲ ಮಿಸ್, ಹೇಗೆ ಬರುತ್ತೋ ಹಾಗೆ ಕರೀರಿ." ಸೌಜನ್ಯದ ಮಾತು, ನಿಜ. ಮೇಜಿನ ಅಂಚಿಗೆ ಗದ್ದ ಊರಿ ನಿಂತ ಮಗು ಮೊದಲು ಅಮ್ಮನ ಮುಖ ನೋಡುತ್ತದೆ, ಆಮೇಲೆ ನಮ್ಮ ಮುಖ ನೋಡುತ್ತದೆ. ಅದಕ್ಕೆ ಅರ್ಥವಾಗುವುದು, ತನ್ನ ಹೆಸರನ್ನು ಯಾರು ಹೇಗೆ ಬೇಕಾದರೂ ಕರೆಯಬಹುದು, ಕೇಳಬಾರದು ಎಂದು. ಇಂಥ ಮಕ್ಕಳು ಹತ್ತನೆಯ ತರಗತಿಯವರೆಗೂ ತಪ್ಪು ಹೆಸರಿಗೇ "ಎಸ್ ಮಿಸ್" ಎನ್ನುತ್ತಾರೆ. ಒಬ್ಬ ಹುಡುಗಿಯಂತೂ ತನ್ನ ಹೆಸರು ಬರುವ ಒಂದು ನಂಬರ್ ಮೊದಲೇ ಕೈ ಎತ್ತಿಬಿಡುತ್ತಿದ್ದಳು, ಹೆಸರು ಕೂಗುವ ತಾಪತ್ರಯವೇ ಬೇಡವೆಂದು. ತರಗತಿಯಲ್ಲಿ ಆ ಹೆಸರು ಯಾರಿಗೂ ಕೇಳಿಸದ ಹಾಗೆ ನೋಡಿಕೊಳ್ಳುವುದೇ ಅವಳ ಬೆಳಗಿನ ಕೆಲಸವಾಗಿತ್ತು. ಜಾಣೆ ಹುಡುಗಿ. ಆ ಜಾಣತನ ಅದಕ್ಕೆ ಖರ್ಚಾಗಬಾರದಿತ್ತು.

ಅದೇ ಮೇಜಿನ ಮುಂದೆ ನಿಂತು "ಹಾಗಲ್ಲ ಮಿಸ್, ಮೃಣಾಲ್, ಣ ದೊಡ್ಡದು" ಎಂದು ನಗುತ್ತಲೇ ತಿದ್ದಿದ ತಾಯಂದಿರೂ ಇದ್ದಾರೆ. ಎರಡು ಸೆಕೆಂಡಿನ ಕೆಲಸ. ಅವರ ಮಕ್ಕಳು ಮೂರನೆಯ ದಿನಕ್ಕೆ ತಾವೇ ತಿದ್ದುತ್ತಾರೆ. ತಿದ್ದುವುದಕ್ಕೆ ಸಿಟ್ಟು ಬೇಕಿಲ್ಲ, ಕ್ಷಮೆಯೂ ಬೇಕಿಲ್ಲ. ಮೊದಲ ಭೇಟಿಯಲ್ಲೇ, ಒಂದೇ ವಾಕ್ಯದಲ್ಲಿ, ಸರಿಯಾದ ಹೆಸರನ್ನು ನಿಧಾನವಾಗಿ ಎರಡು ಸಲ ಹೇಳಿದರೆ ಆಯಿತು. ತಡವಾದಷ್ಟೂ ಕಷ್ಟ. ಆರು ತಿಂಗಳು ತಪ್ಪು ಹೆಸರಿಗೆ ಓಗೊಟ್ಟು ಆಮೇಲೆ ತಿದ್ದಿದರೆ ಕೇಳುವವರಿಗೂ ಮುಜುಗರ. ಎಲ್ಲರನ್ನೂ ತಿದ್ದಬೇಕೆಂದೂ ಇಲ್ಲ. ಪಾರ್ಸೆಲ್ ತಂದ ಹುಡುಗ, ಕಾಲ್ ಸೆಂಟರಿನಿಂದ ಮಾತಾಡುವವರು, ವಿಮಾನ ನಿಲ್ದಾಣದ ಧ್ವನಿವರ್ಧಕ, ಇವರನ್ನು ಬಿಟ್ಟುಬಿಡಿ, ಆಯುಷ್ಯ ಅದಕ್ಕಲ್ಲ. ಶಿಕ್ಷಕರು, ಜೊತೆ ಓದುವವರು, ಜೊತೆ ಕೆಲಸ ಮಾಡುವವರು, ಮುಂದೆ ಅತ್ತೆ-ಮಾವ, ಇವರನ್ನು ಬಿಡಬೇಡಿ. ದಿನಾ ಕರೆಯುವವರ ಬಾಯಲ್ಲಿ ಸರಿಯಿರಬೇಕು. ಇದನ್ನು ಮಗುವಿಗೆ ಐದಾರು ವರ್ಷಕ್ಕೆಲ್ಲ ಹೇಳಿಕೊಡಬಹುದು, ಬೀದಿ ದಾಟುವುದನ್ನು ಕಲಿಸುವ ವಯಸ್ಸಿನಲ್ಲೇ.

ಮಗು ಮನೆಗೆ ಬಂದು "ನನಗೆ ಈ ಹೆಸರು ಬೇಡ" ಎಂದು ಅತ್ತರೆ ಗಾಬರಿಯಾಗಬೇಡಿ. ಒಂದಲ್ಲ ಒಂದು ವರ್ಷ ಎಲ್ಲ ಮಕ್ಕಳೂ ಹಾಗೆ ಅಳುತ್ತವೆ, ಅನಿತಾ ಸುನೀತಾ ಎಂಬ ಹೆಸರಿನವರೂ ಅತ್ತಿದ್ದಾರೆ. ಹೆಸರು ಯಾಕಿಟ್ಟಿರಿ ಎಂಬ ಕಥೆ ಹೇಳಿ. ಮುತ್ತಜ್ಜಿಯ ಹೆಸರೋ, ನೀವು ಮೆಚ್ಚಿದ ಕಾದಂಬರಿಯ ಪಾತ್ರವೋ, ಮಳೆ ಬರುವಾಗ ಹುಟ್ಟಿದ್ದಕ್ಕೋ. ಕಥೆ ಇದ್ದ ಹೆಸರನ್ನು ಮಕ್ಕಳು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಇದು ನನ್ನ ಅನುಭವ. ಇಂಟರ್ನೆಟ್ಟಿನ ಪಟ್ಟಿಯಿಂದ ಎತ್ತಿದ ಹೆಸರಿಗೆ ಹೇಳಲು ಕಥೆಯೇ ಇರುವುದಿಲ್ಲ, ನನ್ನ ಮುಖ್ಯ ತಕರಾರು ಅದೇ.

ಇಷ್ಟು ನಿಮಗೆ ಹೇಳಿ ಶಿಕ್ಷಕರಾದ ನಮ್ಮ ಕೆಲಸ ಹೇಳದಿದ್ದರೆ ಅನ್ಯಾಯವಾದೀತು. ಬೆಂಗಳೂರಿನ ತರಗತಿ ಎಂದರೆ ಅರ್ಧ ಭಾರತ. ಮಣಿಪುರದ ಹುಡುಗ, ಬಿಹಾರದ ಹುಡುಗಿ, ತಮಿಳುನಾಡಿನ ಅಣ್ಣ-ತಂಗಿ, ಕಲ್ಯಾಣ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ನಮ್ಮ ಶಾಲೆಯಲ್ಲಿ ನಾವು ಕೆಲವರು ಒಂದು ರೂಢಿ ಮಾಡಿಕೊಂಡಿದ್ದೆವು. ಜೂನ್ ತಿಂಗಳ ಮೊದಲ ದಿನ ಹಾಜರಿ ಕೂಗುತ್ತಿರಲಿಲ್ಲ. ಪ್ರತಿ ಮಗುವೂ ಎದ್ದು ನಿಂತು ತನ್ನ ಹೆಸರನ್ನು ತಾನೇ ಹೇಳಬೇಕು. ಕೇಳಿಸಿಕೊಂಡು ಹಾಜರಿ ಪುಸ್ತಕದಲ್ಲಿ ಇಂಗ್ಲಿಷ್ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆವು. ದೀರ್ಘ, ಒತ್ತು, ಮಹಾಪ್ರಾಣ ಎಲ್ಲ ಅಲ್ಲೇ ಸಿಕ್ಕಿಬಿಡುತ್ತಿತ್ತು. ಕನ್ನಡಕ್ಕೂ ಸಿಕ್ಕದ ಧ್ವನಿಗಳಿವೆ. ಜ಼ೈನಬ್ ಎಂಬ ಹೆಸರಿಗೆ ಜಕಾರದ ಕೆಳಗೆ ಎರಡು ಚುಕ್ಕಿ ಬೇಕು. ತಮಿಳಿನ ಎೞಿಲ್ ಎಂಬ ಹೆಸರಿಗೆ ನಮ್ಮ ಹಳಗನ್ನಡದ ೞಕಾರವನ್ನೇ ಎಬ್ಬಿಸಿ ತರಬೇಕಾಯಿತು, ನಾಲಿಗೆಯಲ್ಲಿ ಅದು ಪೂರ್ತಿ ಬರಲಿಲ್ಲ. ಆದರೆ ಪ್ರಯತ್ನ ನಡೆಯುತ್ತಿದೆ ಎಂಬುದು ಆ ಮಗುವಿಗೆ ಗೊತ್ತಾಗುತ್ತಿತ್ತು, ಮುಖ ಅರಳುತ್ತಿತ್ತು. ಇದಕ್ಕೆ ಒಂದು ಪೀರಿಯಡ್ ಹೋಗುತ್ತದೆ, ಅಷ್ಟೇ. ಯಾವ ಇಲಾಖೆಯ ಸುತ್ತೋಲೆಯೂ ಬೇಕಿಲ್ಲ.

ಎಲ್ಲ ಶಾಲೆಗಳಲ್ಲೂ ಇದು ನಡೆಯುತ್ತದೆ ಎಂದು ಭರವಸೆ ಕೊಡಲಾರೆ. ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುವುದು. ಶಾಲೆಗೆ ಸೇರಿಸುವ ದಿನ ಅರ್ಜಿಯ ಮೇಲ್ಭಾಗದಲ್ಲಿ ಮಗುವಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಿ. ಅರ್ಜಿ ಇಂಗ್ಲಿಷಿನದಾದರೂ ಸರಿ, ಶಾಲೆ ಯಾವ ಬೋರ್ಡಿನದಾದರೂ ಸರಿ. ತರಗತಿಯ ಶಿಕ್ಷಕಿಯನ್ನು ಕಂಡು ಹೆಸರನ್ನು ಒಮ್ಮೆ ಹೇಳಿ, ಅವರಿಂದ ಒಮ್ಮೆ ಹೇಳಿಸಿ. ಅವರು ಬೇಜಾರು ಮಾಡಿಕೊಳ್ಳುತ್ತಾರೆಂದು ಹಿಂಜರಿಯಬೇಡಿ. ನಲವತ್ತು ಹೆಸರಿನ ಪಟ್ಟಿ ಹಿಡಿದು ಹೊಸ ತರಗತಿಗೆ ಹೋಗುವ ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇತಿ,
ಒಬ್ಬಳು ನಿವೃತ್ತ ಕನ್ನಡ ಶಿಕ್ಷಕಿ
ಬೆಂಗಳೂರು